ನಾಲ್ಕು ತುಂಡು ಬತ್ತಿ

ಹೇಮಾಕ್ಷಿ ಕೋಲಾರದ ಕಡೆಯವಳು. ಗಂಡ ಉಮಾಪತಿ ನೌಕಾಪಡೆಯಲ್ಲಿದ್ದುದರಿಂದ ವಿಶಾಖಪಟ್ಟಣಕ್ಕೆ ಬಂದವಳು, ಅವನು ಹಡಗಿನ ಮೇಲೆ ಹೋದಾಗ ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತು ಊರ ಹೊರಗಿನ ಒಂದು ಕಾರ್ಖಾನೆಗೆ ಸೇರಿಕೊಂಡಿದ್ದಳು. ಬಂಡೆ ಸಿಡಿಸುವ ಮದ್ದಿಗೆ ಹಚ್ಚುವ ಬತ್ತಿಯನ್ನು ಅಲ್ಲಿ ತಯಾರಿಸುತ್ತಿದ್ದರು. ಪ್ರತಿ ಬ್ಯಾಚಿನಿಂದ ಮೀಟರ್ ಉದ್ದದ ಹತ್ತು ತುಂಡು ಕತ್ತರಿಸಿ, ಒಂದೊಂದನ್ನೇ ಹಚ್ಚಿ, ಎಷ್ಟು ಹೊತ್ತು ಉರಿಯಿತೆಂದು ಬರೆದು ಸಹಿ ಹಾಕುವುದು ಅವಳ ಕೆಲಸ. ಸುಮಾರು ಎರಡು ನಿಮಿಷದಲ್ಲಿ ತುಂಡು ಉರಿದು ಮುಗಿಯಬೇಕು. ಅದಕ್ಕಿಂತ ಬಹಳ ನಿಧಾನವಾದರೆ ಅಪಾಯ. ಬತ್ತಿ ಆರಿತೆಂದುಕೊಂಡು ಹಚ್ಚಿದವನು ಬಂಡೆಯ ಬಳಿಗೆ ವಾಪಸು ಬಂದುಬಿಡುತ್ತಾನೆ.

2006ರ ಸೆಪ್ಟೆಂಬರಿನಲ್ಲಿ ಸೇನೆಯ ಅಧಿಕಾರಿಯೊಬ್ಬರು ಕಾರ್ಖಾನೆಗೆ ಬಂದರು. ಅರುಣಾಚಲದ ಬೆಟ್ಟಗಳಲ್ಲಿ ಸೇನೆಯವರು ರಸ್ತೆ ಕಡಿಯುತ್ತಿದ್ದ ಕಡೆ ಅವಘಡವಾಗಿತ್ತು. ಹಚ್ಚಿದ ಮದ್ದು ತಡವಾಗಿ ಸಿಡಿದು ಹವಾಲ್ದಾರನೊಬ್ಬನ ಬಲಗೈ ಹೋಗಿತ್ತು. ಅಧಿಕಾರಿ ಬ್ಯಾಚಿನ ನಂಬರನ್ನು ಹೇಮಾಕ್ಷಿಗೆ ಹೇಳಿದರು.

ಆ ಬ್ಯಾಚು ಅವಳಿಗೆ ಚೆನ್ನಾಗಿ ನೆನಪಿತ್ತು. ಮಾರ್ಚ್ ಕೊನೆಯ ದಿನ. ಲಾರಿ ಗೇಟಿನಲ್ಲಿ ನಿಂತಿತ್ತು. ಮೇಲಧಿಕಾರಿ ಇಂದುಧರ ಮೂರು ಸಲ ಬಂದು ಅವಸರ ಮಾಡಿದ್ದರು. ಅವಳು ಆರೇ ತುಂಡು ಸುಟ್ಟು, ಉಳಿದ ನಾಲ್ಕಕ್ಕೆ ಅಂದಾಜಿನ ಮೇಲೆ ಬರೆದು ಸಹಿ ಹಾಕಿದ್ದಳು.

"ಆ ಹವಾಲ್ದಾರ್ ನಿಮ್ಮ ಕಡೆಯವನೇ," ಎಂದರು ಅಧಿಕಾರಿ. "ಬಳ್ಳಾರಿಯ ಶಂಕರಪ್ಪ. ಈಗ ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಹೆಂಡತಿಯ ತವರಿನಲ್ಲಿದ್ದಾನೆ."

"ಆ ಬ್ಯಾಚು ಇನ್ನೂ ಅಲ್ಲಿದೆಯಾ ಸಾರ್?"

"ಇದೆ. ಪರೀಕ್ಷೆ ಸರಿಯಾಗಿ ಆಗಿದೆಯಲ್ಲ, ಬಳಸ್ತಾ ಇದಾರೆ."

ಅಧಿಕಾರಿ ಹೋದ ಮೇಲೆ ಅವಳು ಇಂದುಧರರ ಮುಂದೆ ನಿಂತು ನಾಲ್ಕು ತುಂಡಿನ ವಿಷಯ ಬಾಯಿಬಿಟ್ಟಳು. ಅವರು ಎದ್ದು ಬಾಗಿಲು ಮುಚ್ಚಿದರು.

"ನೋಡಮ್ಮ, ಆರು ತಿಂಗಳು ಆ ಮಳೇಲಿ ಬಿದ್ದಿರೋ ಬತ್ತಿ ಅದು. ಥಂಡಿ ಹಿಡಿದಿರತ್ತೆ. ನೀನು ಬಾಯಿ ತೆಗೆದ್ರೆ ಎಲ್ಲ ನಮ್ಮ ತಲೆಗೇ ಬರತ್ತೆ. ಸುಮ್ನಿರು."

ಅವಳು ಐದು ದಿನ ಸುಮ್ಮನಿದ್ದಳು. ಕುಕ್ಕರಿನ ಸೀಟಿಗೂ ಬೆಚ್ಚಿಬೀಳುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ, ಈ ಹೊತ್ತಿಗೆ ಅಲ್ಲಿ ಯಾರೋ ಕಡ್ಡಿ ಗೀರುತ್ತಿರಬಹುದು ಎನಿಸುತ್ತಿತ್ತು. ಉಮಾಪತಿಗೆ ಹೇಳೋಣವೆಂದರೆ ಅವನು ಸಮುದ್ರದ ಮೇಲೆ. ಆರನೆಯ ದಿನ ಭಾನುವಾರ. ಮುಂಜಾನೆ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಹೋಗಿ ಏನು ಹೇಳಬೇಕೆಂಬುದು ವಿಜಯವಾಡ ಬಂದರೂ ಹೊಳೆಯಲಿಲ್ಲ.

ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಶಂಕರಪ್ಪನ ಹೆಂಡತಿ ದುರ್ಗಾಂಬ, ಮಂಗಳಗಿರಿಯಿಂದ ಬಂದು ಇಲ್ಲಿ ನೆಲೆಸಿದ ನೇಕಾರರ ಮಗಳು, ಬಾಗಿಲಲ್ಲೇ ನಿಂತು ಯಾರು, ಏನು ಎಂದು ತೆಲುಗಿನಲ್ಲಿ ವಿಚಾರಿಸಿದಳು. ಒಳಗಿನಿಂದ ಶಂಕರಪ್ಪ ಕೂಗಿದ:

"ಕನ್ನಡದೋರೇನು? ಬರ್ರೀ ಒಳಗ, ಕುಂದರ್ರಿ."

ನಲವತ್ತರ ಆಸುಪಾಸಿನ ಗಟ್ಟಿ ಆಳು. ಬಲಗೈ ಮಣಿಕಟ್ಟಿನ ಬಳಿ ಮುಗಿದಿತ್ತು. ಒಂದು ಕಿವಿ ಕೇಳಿಸದಿದ್ದುದರಿಂದ ತಲೆ ವಾರೆ ಮಾಡಿಕೊಂಡು ಮಾತಾಡುತ್ತಿದ್ದ. ತಾನು ಬತ್ತಿಯ ಕಾರ್ಖಾನೆಯವಳು ಎಂದಷ್ಟೇ ಹೇಳಿ ಅವಳು ತಡವರಿಸುತ್ತಿದ್ದಂತೆ, ವಿಚಾರಣೆಗೆ ಬಂದವಳೆಂದು ತಿಳಿದು ಅವನೇ ಶುರುಮಾಡಿದ.

"ಬತ್ತಿ ಹಚ್ಚಿ ಬಂದ್ವಿ. ಸಿಡೀಲಿಲ್ಲ. ಹಂಗಾದಾಗ ಅರ್ಧ ತಾಸು ಕಾಯ್ಬೇಕಂತ ರೂಲ್ಸು ಐತಿ. ಬಂಡೆಗಲ್ಲಿನ ಆ ಕಡೆ, ಮ್ಯಾಲಿನ ಹಳ್ಳಿಯೋರು ಒಬ್ಬ ಬಸುರಿನ್ನ ಬಿದಿರಿನ ಡೋಲಿಯಾಗ ಹೊತ್ಕೊಂಡು ಬಂದು ನಿಂತಿದ್ರು. ಎರಡು ದಿನ ನಡದು ಬಂದಿದ್ರಂತ. ಆಕಿ ನರಳೋದು ನಮಗ ಕೇಳ್ತಿತ್ತು. ದಾರಿ ಬಿಡಬೇಕಂದ್ರ ಮದ್ದು ತಗೀಬೇಕು. ಇಪ್ಪತ್ತು ನಿಮಿಷಕ್ಕ ನಾ ಎದ್ದು ಹೋದ್ನಿ." ಅವನು ದನಿ ತಗ್ಗಿಸಿದ. "ವಿಚಾರಣ್ಯಾಗ ಅರ್ಧ ತಾಸು ಕಾದೆ ಅಂತ ಹೇಳೀನಿ. ನೀವು ಬರಕೊಳ್ಳಂಗಿದ್ರ ಖರೇನ ಬರಕೊಳ್ರಿ. ನನಗೂ ಸಾಕಾಗೇತಿ."

"ನಾನು ಬರ್ಕೊಳ್ಳೋಕೆ ಬಂದಿಲ್ಲ ಅಣ್ಣ," ಎಂದಳು ಹೇಮಾಕ್ಷಿ. ನಾಲ್ಕು ತುಂಡಿನ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅಳತೊಡಗಿದ್ದಳು.

ದುರ್ಗಾಂಬನಿಗೆ ಮಾತು ಪೂರ್ತಿ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ಅವಳು ಎದ್ದು ಒಳಗೆ ಹೋದಳು. ಶಂಕರಪ್ಪ ಬೈಯಲಿಲ್ಲ. ಬೈದಿದ್ದರೆ ಹೇಮಾಕ್ಷಿಗೆ ಹಗುರವಾಗುತ್ತಿತ್ತು.

"ಆ ಬತ್ತಿ ಇನ್ನೂ ನಮ್ಮ ಹುಡುಗರ ಕೈಯಾಗ ಐತೇನು?"

"ಇದೆ."

"ಮತ್ತ ಇಲ್ಲಿ ಕುಂತು ಅಳ್ತೀರೇನು? ಏಳ್ರಿ."

ಬೀದಿ ತುದಿಯ ಎಸ್‌ಟಿಡಿ ಬೂತಿನಲ್ಲಿ ಅವನು ಎಡಗೈಯಿಂದ ನಂಬರು ಒತ್ತಿದ. ನಾಲ್ಕು ಸಲ ಸಿಗಲಿಲ್ಲ. ಐದನೆಯ ಸಲ ಅವನ ತುಕಡಿಯ ಅಧಿಕಾರಿ ಸಿಕ್ಕಾಗ, ಆ ಬ್ಯಾಚು ಮುಟ್ಟಬೇಡಿ ಎಂದು ಹಿಂದಿಯಲ್ಲಿ ಹೇಳಿದ. ತನ್ನ ಇಪ್ಪತ್ತು ನಿಮಿಷವನ್ನೂ ಹೇಳಿದ. ಯಾರ ಮಾತಿನ ಮೇಲೆ ನಿಲ್ಲಿಸಲಿ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಹೇಮಾಕ್ಷಿ ರಿಸೀವರ್ ತೆಗೆದುಕೊಂಡು ತನ್ನ ಹೆಸರು, ಕಾರ್ಖಾನೆಯ ಹೆಸರು, ತಾನು ಮಾಡಿದ್ದು, ಎಲ್ಲವನ್ನೂ ತೊದಲುತ್ತ ಹೇಳಿದಳು.

ಬತ್ತಿಯನ್ನು ವಾಪಸು ತರಿಸಿ ನಲವತ್ತು ತುಂಡು ಸುಟ್ಟು ನೋಡಿದರು. ಮೂರು ತುಂಡುಗಳಲ್ಲಿ ಬೆಂಕಿ ನಡುವೆಯೇ ನಿಂತಿತು. ಅದರಲ್ಲಿ ಒಂದು ಹದಿನೆಂಟು ನಿಮಿಷ ಒಳಗೇ ಹೊಗೆಯಾಡಿ ಆಮೇಲೆ ಉರಿಯಿತು. ತಯಾರಿಸುವಾಗಲೇ ಕೆಟ್ಟಿತ್ತೋ ಮಳೆಗೆ ಕೆಟ್ಟಿತೋ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಹೇಮಾಕ್ಷಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟು, ನಂತರ ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಇಂದುಧರ ಮಾತು ಬಿಟ್ಟರು. ಉಮಾಪತಿ ಹಡಗಿನಿಂದ ಇಳಿದು ಬಂದವನು ಎಲ್ಲ ಕೇಳಿ, "ಒಬ್ಬಳೇ ಹೋದೆಯಾ?" ಎಂದಷ್ಟೇ ಅಂದ. ಶಂಕರಪ್ಪನಿಗೆ ಸೇನೆ ಛೀಮಾರಿ ಹಾಕಿ ಸೇವೆಯಿಂದ ಬಿಡುಗಡೆ ಮಾಡಿತು.

ಮರುವರ್ಷ ಡಿಸೆಂಬರಿನಲ್ಲಿ ಅವನ ಫೋನು ಬಂತು. ರಸ್ತೆ ಆ ಬಂಡೆಯನ್ನು ದಾಟಿತ್ತು. ಮೇಲಿನ ಹಳ್ಳಿಗೆ ಮೊದಲ ಜೀಪು ಹೋಗಿದೆಯೆಂದು ಹುಡುಗರು ತಿಳಿಸಿದ್ದರಂತೆ.

"ಆ ಬಸುರಿ?" ಎಂದಳು ಹೇಮಾಕ್ಷಿ. ಇಷ್ಟು ದಿನ ಕೇಳಲು ಹೆದರಿದ್ದ ಮಾತು.

"ಆಕಿ ಉಳದ್ಳು. ಕೂಸು ಉಳೀಲಿಲ್ಲ."

ಆಮೇಲೆ ಅವಳು, ರಸ್ತೆ ಅಲ್ಲಿಗೆ ಮುಗಿಯಿತೇ ಎಂದು ಕೇಳಿದಳು.

"ಎಲ್ಲೀದ್ರೀ. ಗಡಿ ತನಕ ಇನ್ನೂ ಹದಿನಾರು ಕಿಲೋಮೀಟರ್ ಐತಿ," ಎಂದ ಶಂಕರಪ್ಪ. "ಎಲ್ಲಾ ಬರೇ ಬಂಡೆಗಲ್ಲು."