ಜರ್ಮನಿಯ ಅಜ್ಜಿಯ ಡಬ್ಬ

ಜರ್ಮನಿಗೆ ಒಂದು ಸೆಮಿಸ್ಟರ್ ಓದಲು ಹೋದ ಮೊದಲ ವಾರವೇ ಪಕ್ಕದ ಮನೆಯ ಅಜ್ಜಿ ಒಂದು ಡಬ್ಬದಲ್ಲಿ ಕೇಕ್ ಕೊಟ್ಟರು. ನಮ್ಮ ಹೊಳೆನರಸೀಪುರದಲ್ಲಿ ಯಾರ ಮನೆಯ ಡಬ್ಬವನ್ನೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಚಿತ್ರಾನ್ನ ತುಂಬಿ ಕೊಟ್ಟೆ. ಮರುವಾರ ಅದೇ ಡಬ್ಬದಲ್ಲಿ ಬಿಸ್ಕತ್ತು ಬಂತು. ನಾನು ಬಿಟ್ಟೇನೆಯೇ? ಪುಳಿಯೋಗರೆ ಕೊಟ್ಟೆ. ಹೀಗೆ ಸೆಮಿಸ್ಟರ್ ಪೂರ್ತಿ ಡಬ್ಬ ಓಡಾಡಿತು. ಆ ದೇಶದವರಿಗೆ ಹಚ್ಚಿಕೊಳ್ಳುವುದೇ ಗೊತ್ತಿಲ್ಲ ಎಂದವರನ್ನೆಲ್ಲ ಮನಸ್ಸಿನಲ್ಲೇ ಬೈದೆ.

ಹೊರಡುವ ದಿನ ಅಜ್ಜಿ ತೊಳೆದ ಡಬ್ಬವನ್ನು ನನ್ನ ಕೈಗಿಟ್ಟು, "ದಯವಿಟ್ಟು ಇದನ್ನು ನೀನೇ ಇಟ್ಟುಕೋ," ಎಂದರು. "ಆ ಮೊದಲ ಕೇಕ್ ನನ್ನ ಹುಟ್ಟುಹಬ್ಬದಲ್ಲಿ ಮಿಕ್ಕಿದ್ದು. ನನಗೆ ಅಡುಗೆಯೆಂದರೆ ಆಗದು. ನೀನು ಬಿಡಲೇ ಇಲ್ಲ. ಇದು ನಿಮ್ಮ ಧರ್ಮದ ಪದ್ಧತಿಯಿರಬೇಕು ಅಂದುಕೊಂಡು ಬೇಯಿಸುತ್ತಾ ಹೋದೆ."

ಊರಿಗೆ ಬಂದು ಸೂಟ್‌ಕೇಸ್ ಬಿಚ್ಚಿದಾಗ ಡಬ್ಬ ಅಮ್ಮನ ಕಣ್ಣಿಗೆ ಬಿತ್ತು. ಅಜ್ಜಿ ಪಟ್ಟ ಪಾಡನ್ನೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಬಾಣಲೆಯನ್ನು ಒಲೆಗಿಟ್ಟಳು.

"ಪಾಪ, ವಯಸ್ಸಾದೋರ ಡಬ್ಬ ಇಟ್ಕಂಡು ಬಂದ್ಬುಟ್ಟಿದ್ದೀಯಲ್ಲೇ! ಕೋಡುಬಳೆ ತುಂಬ್ಕೊಡ್ತೀನಿ, ನಾಳೆನೇ ಪೋಸ್ಟಿಗೆ ಆಕು. ಈ ಸಲ ಆಯಮ್ಮ ಏನ್ ಕಳಿಸ್ತಾರೋ ನೋಡಾನ."