ನರ್ಸಬಾಯಿ ಮತ್ತು ಉಣ್ಣದ ಮರಿಹಾವುಗಳು

ಹೋದ ವಾರ ಬಸವಕಲ್ಯಾಣದಲ್ಲಿ ಕೋಟೆಯ ಕಡೆಯ ಓಣಿಯಲ್ಲಿ ನಡೆದು ಹೋಗುತ್ತಿದ್ದಾಗ ಯಾರದೋ ಮನೆಯ ಕಿಟಕಿಯಿಂದ ಹೊಗೆ ಬಂತು. ಕೆಂಡದ ಮೇಲೆ ಅಜಿವಾನ ಮತ್ತು ಬೆಳ್ಳುಳ್ಳಿ ಸಿಪ್ಪೆ ಹಾಕಿದ ಹೊಗೆ. ಒಳಗೆ ಬಾಣಂತಿ ಇದ್ದಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಮಾತ್ರ ನೆನಪಾದವರು ನಮ್ಮ ನರ್ಸಬಾಯಿ. ಈ ಹೊಗೆ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ‘ಕೂಸು ಈಗರೆ ಉಸರಾಡಾಕ ಕಲಿಯಾಕತ್ತದ, ಅದರ ಮೂಗಿಗೆ ಹೊಗಿ ಹಾಕ್ತಾರ’ ಎಂದು ಬೈಯುತ್ತ, ಕಂಡವರ ಮನೆಗೆ ನುಗ್ಗಿ ಅಗ್ಗಿಷ್ಟಿಕೆಯನ್ನು ಎತ್ತಿ ಅಂಗಳದಲ್ಲಿಟ್ಟು ಬರುತ್ತಿದ್ದರು. ನಾನು ಆ ಕಿಟಕಿಯ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಒಳಗಿನವರು ಏನೆಂದುಕೊಂಡರೋ...

ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಸರ್ಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು, ಹಾಗಾಗಿ ಎಲ್ಲರಿಗೂ ನರ್ಸಬಾಯಿ. ಮದುವೆ ಮಾಡಿಕೊಂಡಿರಲಿಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಂಡಸರ ವಾಚು, ಬಾಯಲ್ಲಿ ಬೈಗುಳ. ಬೆಳಿಗ್ಗೆ ಲಿಂಗಪೂಜೆ ಆಗುವವರೆಗೆ ಮಾತ್ರ ಆ ಬಾಯಿ ಸುಮ್ಮನಿರುತ್ತಿತ್ತು. ನಾನು ಆಗ ಹುಮನಾಬಾದಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದ್ದೆ. ಬಸವಕಲ್ಯಾಣದಲ್ಲಿ ಸೋದರತ್ತೆಯ ಮನೆ ಖಾಲಿ ಬಿದ್ದಿತ್ತೆಂದು ಅಲ್ಲಿ ಒಬ್ಬನೇ ಇದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ಮನೆಗೂ ಅವರ ಮನೆಗೂ ಒಂದೇ ಅಂಗಳ. ಎರಡು ವರ್ಷ ‘ಊಟ ಆತ್ರಿ?’, ‘ಆತು’ ಎನ್ನುವಷ್ಟೇ ಪರಿಚಯ.

ಅದು ಗಟ್ಟಿಯಾದದ್ದು ಹಾವಿನಿಂದ. ಹೈದರಾಬಾದಿನಲ್ಲಿ ನನ್ನ ಗೆಳೆಯನೊಬ್ಬ ಹೊರದೇಶದ ಹಾವುಗಳನ್ನು ಕಾಗದಪತ್ರ ಮಾಡಿಸಿ ಸಾಕುತ್ತಿದ್ದ. ಅವನ ಕಾರ್ನ್ ಸ್ನೇಕ್ ಮೊಟ್ಟೆಯಿಟ್ಟು ಮರಿಗಳಾದಾಗ ಎರಡನ್ನು ನನಗೆ ಕೊಟ್ಟ. ವಿಷವಿಲ್ಲದ ಹಾವು, ಕೇಸರಿ ಬಣ್ಣ, ಪೆನ್ಸಿಲಿಗಿಂತ ತೆಳ್ಳಗೆ. ಸಹಿ ಹಾಕುವಲ್ಲೆಲ್ಲ ಸಹಿ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಸೀಟಿನವರಿಗೆ ಮಿಠಾಯಿ ಎಂದು ಸುಳ್ಳು ಹೇಳಿ ಬಸ್ಸಿನಲ್ಲಿ ತಂದೆ. ಅವುಗಳ ಊಟವೆಂದರೆ ಇನ್ನೂ ಕೂದಲು ಬಾರದ ಇಲಿಮರಿ. ಅದನ್ನೂ ಹೆಪ್ಪುಗಟ್ಟಿಸಿ ಅವನೇ ಕೊಟ್ಟಿದ್ದ. ಕರಗಿಸಿ, ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ಮುಂದೆ ಒಡ್ಡಬೇಕು. ‘ವಾರಕ್ಕೊಂದು ಸಾಕು, ತಾವೇ ತಿಂತಾವ’ ಎಂದಿದ್ದ. ತಿನ್ನಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ... ಚಿಮಟ ಹತ್ತಿರ ಬಂದರೆ ಎರಡೂ ಮುಖ ತಿರುಗಿಸಿ ಮೂಲೆ ಸೇರುತ್ತಿದ್ದವು. ಬೆನ್ನೆಲುಬು ಎದ್ದು ಕಾಣತೊಡಗಿತು. ಇನ್ನು ಹೆಚ್ಚು ದಿನ ಹೀಗೇ ಇದ್ದರೆ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ತರಗತಿಯಲ್ಲಿ ಜೀರ್ಣಾಂಗಗಳ ಪಾಠವನ್ನು ಗಂಟೆಗಟ್ಟಲೆ ಮಾಡುವ ಮನುಷ್ಯನಿಗೆ ಎರಡು ಮರಿಗಳಿಗೆ ಉಣಿಸಲು ಬರಲಿಲ್ಲ.

ಕಾರ್ತಿಕದ ಚಳಿ. ಒಂದು ಸಂಜೆ ಕರೆಂಟು ಹೋಗಿ, ಡಬ್ಬಿಗೆ ಬಿಸಿ ಕೊಡುತ್ತಿದ್ದ ಬಲ್ಬು ಆರಿತು. ನಾನು ನರ್ಸಬಾಯಿಯ ಬಾಗಿಲು ತಟ್ಟಿದೆ.

‘ಬಾಯಿ, ಬಿಸಿನೀರಿನ ರಬ್ಬರ್ ಚೀಲ ಅದೇನ್ರಿ?’

‘ಅದ. ಯಾರಿಗಿ ಹೊಟ್ಟಿ ನೋಯಾಕತ್ತದ?’

‘ಹಾವಿನ ಮರೀಗ್ರಿ.’

ಅವರು ಮೊಬೈಲಿನ ಬೆಳಕನ್ನು ನನ್ನ ಮುಖಕ್ಕೆ ಹಿಡಿದು ನೋಡಿದರು. ಕುಡಿದಿಲ್ಲ ಎಂದು ಖಾತ್ರಿಯಾದ ಮೇಲೆ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ಲು ಸುತ್ತಿ, ತಾವೇ ಹಿಡಿದುಕೊಂಡು ನನ್ನ ಹಿಂದೆ ಬಂದರು. ಹಾವು ಕಂಡು ಕಿರುಚುತ್ತಾರೆ, ಇಲ್ಲವೇ ಕೈ ಮುಗಿಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊದಲು ಕೇಳಿದ್ದು, ‘ಹುಟ್ಟಿ ಎಷ್ಟು ದಿನ ಆತು? ಹೇತಾವೇನು?’ ನಾನು ಇದ್ದುದನ್ನೆಲ್ಲ ಹೇಳಿದೆ.

‘ದಿನಕ್ಕ ಎಷ್ಟು ಸಲ ಮುಚ್ಚಳ ತಗದು ನೋಡ್ತಿ?’

‘ಎಣಿಸಿಲ್ರಿ.’

‘ಹಂಗಾರ ಅವು ಹ್ಯಾಂಗ ಉಣ್ಣಬೇಕು? ಬಾಣಂತಿ ಸುತ್ತ ಹತ್ತು ಮಂದಿ ಕುಂತು, ಕುಡೀತೇನು ಕುಡೀತೇನು ಅಂತ ನೋಡಾಕತ್ತಿದ್ರ ಯಾವ ಕೂಸು ಮೊಲಿ ಹಿಡೀತದೋ ಮಾಸ್ತರ? ನಾ ವಾರ್ಡಿನಾಗ ಮೊದಲ ಮಾಡೂ ಕೆಲಸ ಅಂದ್ರ ಮಂದೀನ ಹೊರಗ ಹಾಕೂದು.’

ಅವತ್ತಿನಿಂದ ಮರಿಗಳ ಯಜಮಾನಿಕೆ ಅವರ ಕೈಗೆ ಹೋಯಿತು. ಆ ದೊಡ್ಡ ಡಬ್ಬಿ ಬೇಡವೆಂದು ಅಂಗೈಯಗಲದ ಎರಡು ಡಬ್ಬಿ ತಂದು, ಉಸಿರಾಡಲು ತೂತು ಹಾಕಿ, ಒಳಗೆ ಅಡಗಿ ಕೂರಲು ಹಳೆ ಕಾಗದ ಮುದುರಿ ಹಾಕಿದರು. ಒಂದೊಂದರಲ್ಲಿ ಒಂದೊಂದು ಮರಿ ಬಿಟ್ಟು ಮೇಲೆ ಬಟ್ಟೆ ಮುಚ್ಚಿದರು. ಒಂದು ವಾರ ಮುಟ್ಟಬಾರದು, ನೋಡಬಾರದು ಎಂದು ಕಟ್ಟಪ್ಪಣೆ. ನಾನು ನನ್ನ ಮನೆಯಲ್ಲೇ ಕಳ್ಳನ ಹಾಗೆ ಓಡಾಡಿದೆ.

ವಾರ ಕಳೆದು ಒಂದು ಭಾನುವಾರ ಅವರ ಎದುರಿಗೇ ಇಲಿಮರಿ ಕರಗಿಸಲು ಕೂತೆ. ಇಲ್ಲಿ ನನ್ನ ಪೆದ್ದತನವನ್ನು ಹೇಳಿಕೊಳ್ಳಬೇಕು. ನಾನು ಹುಟ್ಟಿ ಬೆಳೆದದ್ದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆಯಲ್ಲಿ. ಇಲಿಮರಿಯ ಆ ಹಸಿ ವಾಸನೆಗೆ ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ. ನಮ್ಮವ್ವ ಮನೆಯಲ್ಲಿ ಏನೇ ಮೈಲಿಗೆಯಾದರೂ ಅರಿಶಿನದ ನೀರು ಚಿಮುಕಿಸುತ್ತಿದ್ದಳು. ಬೆರಳು ಕುಯ್ದುಕೊಂಡರೂ ಅದೇ, ನೆಗಡಿಯಾದರೂ ಅದೇ. ಹಾಗಾಗಿ ನಾನು ಯೋಚನೆಯನ್ನೇ ಮಾಡದೆ ಮೊದಲ ದಿನದಿಂದಲೂ ಬಟ್ಟಲ ನೀರಿಗೆ ಚಿಟಿಕೆ ಅರಿಶಿನ ಹಾಕಿ ಅದರಲ್ಲಿ ಇಲಿಮರಿಯನ್ನು ಕರಗಿಸುತ್ತಿದ್ದೆ. ನರ್ಸಬಾಯಿ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಮೂಸಿದರು.

‘ಇದೇನೋ, ಅರಿಶಿಣ ಹಾಕೀಯೇನು?’

‘ಶುದ್ಧ ಆಗ್ಲಿ ಅಂತ್ರಿ...’

‘ಉಣ್ಣೂದು ನೀನೋ, ಅದೋ?’

ನನ್ನ ಎಂ.ಎಸ್ಸಿ. ಪದವಿಪತ್ರ ಎದುರು ಗೋಡೆಯ ಮೇಲೆ ತೂಗುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಹಾವು ನಾಲಿಗೆ ಚಾಚಿ ವಾಸನೆ ಹಿಡಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ.

ಅವರು ಆಗ ವಾರ್ಡಿನ ಒಂದು ಸಂಗತಿ ಹೇಳಿದರು. ಹೆತ್ತವಳಿಗೆ ಎಚ್ಚರ ಇಲ್ಲದಾಗ ಕೂಸಿಗೆ ಬೇರೆ ಬಾಣಂತಿಯ ಹಾಲು ಕೊಡಿಸಬೇಕಾಗುತ್ತಿತ್ತಂತೆ. ಕೆಲವು ಕೂಸುಗಳು ಬಾಯಿ ಹಾಕದೆ ಅಳುತ್ತಿದ್ದವು. ಆಗ ಇವರು ತಾಯಿ ಉಟ್ಟ ಸೀರೆಯನ್ನು ತಂದು ಆ ಬಾಣಂತಿಗೆ ಹೊದಿಸುತ್ತಿದ್ದರು. ಕೂಸು ಮೂಸಿ ನೋಡಿ ಬಾಯಿ ಹಾಕುತ್ತಿತ್ತು.

‘ಮೊದಲು ಮೂಗು ಒಪ್ಪಬೇಕೋ, ಆಮ್ಯಾಲ ಬಾಯಿ. ಇವು ತಮ್ಮ ದೇಶದಾಗ ಮೊದಲ ತುತ್ತು ಏನ್ ತಿಂತಾವ?’

ಅಲ್ಲಿನ ಮರಿಗಳು ಸಣ್ಣ ಸಣ್ಣ ಹಲ್ಲಿಗಳನ್ನು ಹಿಡಿಯುತ್ತವೆ ಎಂದೆ. ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಅಡುಗೆಮನೆಯಿಂದ ಕಸಬರಿಗೆ ಬಡಿದ ಸದ್ದು ಕೇಳಿತು. ಹಲ್ಲಿ ತಪ್ಪಿಸಿಕೊಂಡಿತ್ತು, ಬಾಲ ಬಿಟ್ಟು ಹೋಗಿತ್ತು. ಇನ್ನೂ ಮಿಡುಕುತ್ತಿದ್ದ ಆ ಬಾಲವನ್ನು ಕಾಗದದಲ್ಲಿ ಹಿಡಿದು ತಂದು, ಬರೀ ಬೆಚ್ಚನೆಯ ನೀರಲ್ಲಿ ತೊಳೆದ ಇಲಿಮರಿಗಳ ಮೂತಿಗೆ ಗಂಧ ಹಚ್ಚಿದಂತೆ ಉಜ್ಜಿದರು. ಎರಡು ಡಬ್ಬಿಗಳಲ್ಲಿ ಒಂದೊಂದು ಇಟ್ಟು ಮುಚ್ಚಿದರು. ‘ನಡಿ, ಚಹಾ ಕುಡಿಯೂಣು. ಇಲ್ಲಿ ನಿಂದ್ರಬ್ಯಾಡ.’

ಚಹಾ ಆದ ಮೇಲೆ ನನ್ನಿಂದ ಒಂದು ಬುಟ್ಟಿ ಹಸಿ ತೊಗರಿಕಾಯಿ ಸುಲಿಸಿಕೊಂಡರು. ಎರಡು ತಾಸಿನ ನಂತರ ಬಟ್ಟೆ ಸರಿಸಿ ನೋಡಿದರೆ ಒಂದು ಡಬ್ಬಿಯಲ್ಲಿ ಇಲಿಮರಿ ಇರಲಿಲ್ಲ. ಹಾವಿನ ನಡುವಿನಲ್ಲಿ ಸಣ್ಣ ಗಂಟು ಕಾಣುತ್ತಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು, ಹೇಳಲು ನಾಚಿಕೆ ಯಾಕೆ. ನರ್ಸಬಾಯಿ ವಾಚು ನೋಡಿಕೊಂಡು ‘ಬರಕೋ’ ಎಂದರು, ಹುಟ್ಟಿದ ಹೊತ್ತು ಬರೆಸುವವರ ಹಾಗೆ. ಬರೆದುಕೊಂಡೆ.

ಇನ್ನೊಂದು ತಿನ್ನಲಿಲ್ಲ. ವಾರ ಬಿಟ್ಟು ಮತ್ತೆ ಇಟ್ಟೆವು, ಇನ್ನೊಂದು ವಾರ ಬಿಟ್ಟು ಮತ್ತೆ... ನಾಲಿಗೆ ಚಾಚಿ ನೋಡುವುದು, ಸುಮ್ಮನೆ ಸುರುಳಿ ಸುತ್ತಿ ಮಲಗುವುದು. ಹೈದರಾಬಾದಿನ ಗೆಳೆಯ ಫೋನಿನಲ್ಲಿ ಬಾಯಿ ಬಿಡಿಸಿ ತುರುಕುವ ವಿಧಾನ ಹೇಳಿಕೊಟ್ಟ. ಅದು ಕೊನೆಯ ದಾರಿ, ಕೈ ನಡುಗಬಾರದು ಎಂದ. ನಾನು ಚಿಮಟ ಹಿಡಿದು ಕೂತಾಗ ನರ್ಸಬಾಯಿ ನನ್ನ ಮುಂಗೈ ಹಿಡಿದರು.

‘ಜಬರದಸ್ತಿ ಬ್ಯಾಡ. ಮೂಗು ಹಿಡದು ಕೂಸಿಗಿ ಔಡಲೆಣ್ಣಿ ಕುಡಿಸಿದವರನ್ನ ಭಾಳ ನೋಡೀನಿ. ಒಂದು ಕೂಸು ನನ್ನ ಕೈಯಾಗ ಹೋತು. ಕುಡಿಸಿದಾಕಿ ಅದರ ಅಜ್ಜಿ. ಪ್ರೀತಿಲೇ ಕುಡಿಸಿದ್ಳು.’

ನಾನು ಚಿಮಟ ಕೆಳಗಿಟ್ಟೆ. ಹತ್ತು ದಿನಕ್ಕೆ ಆ ಮರಿ ಸತ್ತು ಹೋಯಿತು. ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ಹೂತು ಕೈ ತೊಳೆಯುವಾಗ ನಾನು, ‘ಅವತ್ತ ತುರುಕಿದ್ರ ಬದುಕ್ತಿತ್ತೇನೋ ಬಾಯಿ’ ಎಂದುಬಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಮೂರು ದಿನ ನನ್ನ ಮನೆ ಕಡೆ ಬರಲಿಲ್ಲ. ನಾಲ್ಕನೆಯ ದಿನ ಅಂಗಳದಾಚೆಯಿಂದ, ‘ಉಳದದ್ದಕ್ಕ ಇವತ್ತು ಉಣ್ಣೂ ದಿನ, ಮರತೀಯೇನು?’ ಎಂದು ಕೂಗಿದರು. ಅಲ್ಲಿಗೆ ಅದು ಮುಗಿಯಿತು. ನಾನಾಡಿದ ಮಾತು ತಪ್ಪಾಯಿತೆಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಉಳಿದ ಮರಿ ಚೆನ್ನಾಗಿ ಬೆಳೆಯಿತು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳು ಹಾಲು, ಜೋಳದ ಅಳ್ಳು ಹಿಡಿದು ನಮ್ಮ ಬಾಗಿಲಿಗೆ ಬಂದರೆ ನರ್ಸಬಾಯಿ ಅಡ್ಡ ನಿಲ್ಲುತ್ತಿದ್ದರು. ‘ಇದು ಅಮೆರಿಕಾದ ಹಾವು, ಇದಕ್ಕ ನಿಮ್ಮ ಪಂಚಮಿ ಗೊತ್ತಿಲ್ಲ. ಕಲ್ಲಿನ ನಾಗಪ್ಪಗ ಎರದು ಹೋಗ್ರಿ.’ ಹೆಣ್ಣುಮಕ್ಕಳು ನಗುತ್ತಲೇ ಹೋಗುತ್ತಿದ್ದರು. ಅವರಲ್ಲಿ ಅರ್ಧ ಮಂದಿ ಹುಟ್ಟಿದ್ದೇ ಇವರ ಕೈಯಲ್ಲಿ.

ನಾಲ್ಕು ವರ್ಷಕ್ಕೆ ಅವರಿಗೆ ಹೊಟ್ಟೆಯ ಬೇನೆ ಬಂತು. ದೊಡ್ಡ ದವಾಖಾನೆಗಳ ಅಲೆದಾಟವೆಲ್ಲ ಮುಗಿದ ಮೇಲೆ, ಘಾಟಬೋರಾಳದಲ್ಲಿದ್ದ ಅವರ ತಂಗಿಯ ಮಗಳು ಹುಮನಾಬಾದಿನ ಒಂದು ಸಣ್ಣ ದವಾಖಾನೆಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು. ಒಂದು ಸಂಜೆ ಆಕೆಯ ಫೋನು ಬಂತು. ‘ದೊಡ್ಡವ್ವ ಐದು ದಿನ ಆತ್ರಿ, ಏನೂ ತಿನ್ನಾಕತ್ತಿಲ್ಲ. ಯಾರ ಮಾತೂ ಕೇಳವಲ್ರು. ನೀವಾದ್ರೂ ಬಂದು ಹೇಳ್ರಿ ಸರ್.’

ನಾನು ಬರಿಗೈಯಲ್ಲಿ ಹೋಗಲಿಲ್ಲ. ಅವರೇ ಕಲಿಸಿದ ವಿದ್ಯೆ ಇತ್ತಲ್ಲ. ಮರುದಿನ ಬೆಳಿಗ್ಗೆ, ನನ್ನ ಹತ್ತಿರ ಕೊಟ್ಟು ಹೋಗಿದ್ದ ಕೀಲಿಯಿಂದ ಅವರ ಮನೆಯ ಬೀಗ ತೆಗೆದು, ಅವರ ಒಲೆಯ ಮೇಲೆ, ಅವರ ಪಾತ್ರೆಯಲ್ಲೇ ಜೋಳದ ನುಚ್ಚು ಬೇಯಿಸಿದೆ. ಅವರು ಮಾಡುತ್ತಿದ್ದಂತೆ ಬೆಳ್ಳುಳ್ಳಿ ಜಜ್ಜಿ ಮಜ್ಜಿಗೆಗೆ ಹಾಕಿ ಕಲಸಿದೆ. ಡಬ್ಬಿಯನ್ನು ಅವರ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಹುಮನಾಬಾದಿನ ಬಸ್ಸು ಹಿಡಿದೆ. ಹಾಸಿಗೆಯ ಸುತ್ತ ಐದಾರು ಮಂದಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚಮಚ. ‘ಎಲ್ಲಾರೂ ಹೊರಗ ನಡೀರಿ’ ಎಂದೆ. ಎದ್ದು ಹೋದರು. ನಾನು ಗಂಟು ಬಿಚ್ಚಿ ಮುಚ್ಚಳ ತೆಗೆದೆ. ಅವರ ಮೂಗು ಅರಳಿತು.

‘ನನ್ನ ವಿದ್ಯಾ ನನ್ನ ಮ್ಯಾಲೇ ತಿರಗಸಾಕತ್ತೀ?’ ಎಂದು ನಕ್ಕರು. ದನಿ ನೂಲಿನೆಳೆಯಷ್ಟಾಗಿತ್ತು.

‘ಒಂದು ತುತ್ತು, ಬಾಯಿ. ನನ್ನ ಸಲುವಾಗಿ.’

ಅವರು ಡಬ್ಬಿ ಕಟ್ಟಿದ್ದ ಸೀರೆಯ ತುಂಡನ್ನು ಮುಟ್ಟಿ ನೋಡಿದರು. ಆಮೇಲೆ ಬಾಯಿ ತೆರೆದರು. ಒಂದಲ್ಲ, ಮೂರು ತುತ್ತು ತಿಂದರು. ನಾನು ಹೊರಗೆ ಬಂದು ‘ಉಂಡ್ರು’ ಎಂದು ಎಲ್ಲರಿಗೂ ಹೇಳಿ, ಕಾಲೇಜಿಗೆ ಹೋಗಿ ಖುಷಿಯಿಂದ ಪಾಠ ಮಾಡಿದೆ.

ಎರಡು ದಿನಕ್ಕೆ ಅವರು ತೀರಿಕೊಂಡರು. ಮಣ್ಣು ಮಾಡಿ ಜನ ಚದುರಿದ ಮೇಲೆ ತಂಗಿಯ ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ‘ಅವತ್ತ ನೀವು ಹೋದಮ್ಯಾಲ ದೊಡ್ಡವ್ವಗ ಭಾಳ ತ್ರಾಸ ಆತ್ರಿ. ಸಂಜಿತನ ಕಾರಿಕೊಂಡ್ರು. ಹೊಟ್ಟ್ಯಾಗ ಅನ್ನ ಇಳಿಯಾಕ ದಾರೀನೇ ಇರಲಿಲ್ಲ, ಅದು ಅವರಿಗಿ ಗೊತ್ತಿತ್ತು. ಮಾಸ್ತರಗ ಹೇಳಬ್ಯಾಡ, ಖುಷಿಲೇ ಹೋಗ್ಯಾನ ಅಂದಿದ್ರು.’

ಈಗ ಹಾವು ಸಾಕುವವರು ಎಲ್ಲೆಲ್ಲಿಂದಲೋ ನನಗೆ ಫೋನ್ ಮಾಡುತ್ತಾರೆ, ಮರಿ ತಿನ್ನುತ್ತಿಲ್ಲ ಸರ್, ಏನು ಮಾಡಲಿ ಎಂದು. ಸಣ್ಣ ಡಬ್ಬಿ, ಬಿಸಿ, ಕತ್ತಲೆ, ಹಲ್ಲಿಯ ವಾಸನೆ, ಎಲ್ಲ ಹೇಳುತ್ತೇನೆ. ಕೊನೆಗೆ ಅವರು ಬಾಯಿ ಬಿಡಿಸಿ ಹಾಕಲೇ ಎಂದು ಕೇಳುತ್ತಾರೆ. ಆಗ ನನಗೆ ಆ ಕರಿಬೇವಿನ ಗಿಡದ ಬುಡ ನೆನಪಾಗುತ್ತದೆ... ಆ ಮರಿಗೆ ನಾನು ಜಬರದಸ್ತಿ ಮಾಡಲಿಲ್ಲ. ನರ್ಸಬಾಯಿಗೆ ಮಾಡಿದೆ. ಅದಕ್ಕೆ ಚಿಮಟ ಬೇಕಾಗಲಿಲ್ಲ, ‘ನನ್ನ ಸಲುವಾಗಿ’ ಎಂದದ್ದೇ ಸಾಕಾಯಿತು. ಅವರಲ್ಲಿ ಕೇಳಬೇಕಾದ ಕ್ಷಮೆ ಎರಡಾಗಿ ಉಳಿದಿದೆ. ಅಂಗಳದಾಚೆಯ ಮನೆಯಲ್ಲಿ ಈಗ ಬೇರೆಯವರು ಬಾಡಿಗೆಗೆ ಇದ್ದಾರೆ.