ಒಂದೇ ಉಸಿರಿನ ಗೆರೆ

ಮೊರಬದ ಗುಡದಪ್ಪ ಪೇಂಟರ್ ಚಹಾ ಬಿಟ್ಟು ಎರಡು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಬಾಜೂಕಿನ ಆಸೀಫನ ಅಂಗಡಿಯ ಬೆಂಚಿನ ಮೇಲೆ ಕೂತು ಹೊತ್ತುಗೊತ್ತಿಲ್ಲದೆ ಕಪ್ಪಿನ ಮೇಲೆ ಕಪ್ಪು ಹೀರುತ್ತಿದ್ದ ಮನುಷ್ಯ, ಒಂದು ದಿನ ಇದ್ದಕ್ಕಿದ್ದಂತೆ "ಆಸಿಡಿಟಿ ಆಗೇತಪಾ" ಎಂದು ಎದ್ದು ಹೋದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಆಸಿಡಿಟಿ ನಮ್ಮ ಕಡೆ ಬಹಳ ಉಪಕಾರಿ ರೋಗ. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಅದರ ಹೆಸರಿನಲ್ಲಿ ಮುಚ್ಚಿಡಬಹುದು. ನಿಜ ಸಂಗತಿ ಏನೆಂದರೆ ಗುಡದಪ್ಪನ ಬಲಗೈ ನಡುಗತೊಡಗಿತ್ತು. ಬಸಿಯ, ಅಂದರೆ ಸಾಸರಿನ, ಮೇಲಿನ ಕಪ್ಪು ಎತ್ತಲು ಹೋದರೆ ಟಕಟಕ ಎಂದು ಊರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತಿತ್ತು.

ಬೇರೆಯವರ ಕೈ ನಡುಗಿದ್ದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗುಡದಪ್ಪನಿಗೆ ಇದ್ದದ್ದೇ ಆ ಕೈ. ಕೂಲಿ ಮಾಡುವವರ ಮಗ. ಹುಡುಗನಾಗಿದ್ದಾಗ ಹುಬ್ಬಳ್ಳಿಯಲ್ಲಿ ಒಬ್ಬ ಬೋರ್ಡು ಬರೆಯುವವನ ಕೈಕೆಳಗೆ ಬ್ರಷ್ ತೊಳೆದು, ಬೈಸಿಕೊಂಡು, ಕೆಲಸ ಕಲಿತು ಊರಿಗೆ ಮರಳಿದವನು. ಅಂದಿನಿಂದ ಮೊರಬದ ಸುತ್ತ ಟ್ರ್ಯಾಕ್ಟರ್ ಕೊಂಡವರೆಲ್ಲ ಟ್ರೇಲರಿಗೆ ಬಣ್ಣ ಹೊಡೆಸಲು ಅವನ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಜೋಡೆತ್ತು, ಗಿಳಿ, ಮನೆದೇವರ ಹೆಸರು ಇವನ್ನೆಲ್ಲ ಬೇರೆಯವರೂ ಬರೆಯುತ್ತಿದ್ದರು. ಆದರೆ ಟ್ರೇಲರಿನ ಈ ತುದಿಯಿಂದ ಆ ತುದಿಗೆ, ಪಟ್ಟಿ ಹಿಡಿಯದೆ, ದಾರ ಕಟ್ಟದೆ, ಒಂದೇ ಉಸಿರಿನಲ್ಲಿ ಹಳದಿ ಗೆರೆ ಎಳೆಯುವವನು ಅವನೊಬ್ಬನೇ. ಬ್ರಷ್ ಅದ್ದಿ, ಉಸಿರು ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತ ಹೋಗಿ ಕೊನೆ ಮುಟ್ಟಿದ ಮೇಲೆ "ಹಾಂ" ಎಂದು ಉಸಿರು ಬಿಡುತ್ತಿದ್ದ. ನೋಡುತ್ತ ನಿಂತವರೂ ತಮಗೇ ತಿಳಿಯದೆ ಉಸಿರು ಹಿಡಿದಿರುತ್ತಿದ್ದರು.

ಹಾಗೆಂದು ಮೊರಬದ ಮಂದಿ ಅವನನ್ನು ತಲೆಯ ಮೇಲೆ ಹೊತ್ತು ತಿರುಗಿದರು ಎಂದುಕೊಳ್ಳಬೇಡಿ. ಆ ಊರಿಗೆ ಪ್ರೀತಿ ತೋರಿಸಲು ಗೊತ್ತಿರುವುದು ಒಂದೇ ದಾರಿ, ಕಾಲೆಳೆಯುವುದು. ಒಮ್ಮೆ ಮದುವೆ ಮನೆಯ ಗೋಡೆಗೆ ಬರೆಯುವಾಗ ಏಣಿ ಜಾರಿ ಗುಡದಪ್ಪ ಕೆಂಪು ಬಣ್ಣದ ಡಬ್ಬಿಯ ಮೇಲೆ ಬಿದ್ದ. ಅವನನ್ನು ಎಬ್ಬಿಸುವುದು ಬಿಟ್ಟು ಶಾಲೆಯ ಗೆಳೆಯ ಹುಲಿಗೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ಗುಡದ್ಯಾ, ಗ್ವಾಡಿಗೆ ಹಚ್ಚಂದ್ರ ನೀ ಹಚ್ಕೊಂಡು ಕುಂತಿಯಲ್ಲೋ!" ಎಂದ. ವರ್ಷಗಟ್ಟಲೆ ಊರೆಲ್ಲ ಅವನನ್ನು ಕೆಂಪು ಗುಡದ್ಯಾ ಎಂದೇ ಕರೆಯಿತು. ಬೆಂಚಿನ ಮೇಲೆ ಆ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿ ನಗಿಸುತ್ತಿದ್ದವನು ಗುಡದಪ್ಪನೇ.

ಫ್ಲೆಕ್ಸ್ ಬಂತು, ಬೋರ್ಡುಗಳು ಹೋದವು. ಸ್ಟಿಕ್ಕರ್ ಬಂತು, ಎತ್ತು ಗಿಳಿಗಳೂ ಹೋದವು. ಗೆರೆಯೊಂದು ಉಳಿದಿತ್ತು. ಅಷ್ಟರಲ್ಲಿ ಕೈ ಕೈಕೊಟ್ಟಿತು. ಹುಬ್ಬಳ್ಳಿಯ ಡಾಕ್ಟರು, ಇದು ನರದ ತೊಂದರೆ, ಗುಳಿಗೆಯಿಂದ ತಡೆದು ಹಿಡಿಯಬಹುದು, ಪೂರಾ ಹೋಗುವುದಿಲ್ಲ ಎಂದರು. ಗುಳಿಗೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಹೇಳಿದ ಹಾಗೆ ಕೇಳುತ್ತಿತ್ತು. ಆಮೇಲೆ ಮತ್ತೆ ಅದರ ಆಟ ಶುರು. ಗುಡದಪ್ಪ ಟ್ರೇಲರನ್ನು ಹಿತ್ತಲಿಗೆ ತರಿಸಿಕೊಂಡು, ಬಾಗಿಲು ಹಾಕಿಕೊಂಡು, ಆ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸುವುದನ್ನು ಕಲಿತ. ಯಾರಾದರೂ ನೋಡಲು ಬಂದರೆ "ದೃಷ್ಟಿ ಆಕ್ಕೈತ್ರಿ" ಎನ್ನುತ್ತಿದ್ದ. ಬಾಗಿಲು ಹಾಕಿಕೊಳ್ಳುವ ಪೇಂಟರ್ ಯಾರಿಗೆ ಬೇಕು? ಟ್ರೇಲರುಗಳು ಬರುವುದು ಕಡಿಮೆಯಾಗುತ್ತ ಹೋಗಿ, ಈ ವರ್ಷ ಹಿತ್ತಲಲ್ಲಿ ಹುಲ್ಲು ಬೆಳೆಯಿತು.

ಹೆಂಡತಿ ತಾಯವ್ವನಿಗೆ ಎಲ್ಲ ಗೊತ್ತಿತ್ತು. ಅವಳು ಏನೂ ಕೇಳದೆ ತಾಟಿನಲ್ಲಿ ಸಾರಿನ ಬದಲು ಗಟ್ಟಿ ಪಲ್ಯ ಹಾಕುತ್ತಿದ್ದಳು, ಅಷ್ಟೆ.

ಅಂಥದ್ದರಲ್ಲಿ ಪಂಚಾಯತಿ ಮೆಂಬರ್ ಶಿವಾಜಿ ಒಂದು ಸುದ್ದಿ ತಂದ. ಊರಿನ ಹೊಸ ಸಮುದಾಯ ಭವನದ ಮುಂದಿನ ಉದ್ದನೆಯ ಗೋಡೆಗೆ ಚಿತ್ರ ಬರೆಸಬೇಕಿತ್ತು.

"ಕಾಕಾ, ಗ್ವಾಡಿ ನಿಮಗ ಕೊಡಬೇಕಂತ ನನ್ನ ಮನಸನ್ಯಾಗೈತಿ. ಆದ್ರ ಉಳದವ್ರು ಫ್ಲೆಕ್ಸ್ ಅಂತಾರ. ನವಲಗುಂದದಾಗ ಚಿತ್ರಾ ಬರಿಯೋ ಸ್ಪರ್ಧಾ ಐತಿ. ಮಂದಿ ಮುಂದನ ಬರೀಬೇಕು, ಮಂದೀನ ಆರಸ್ತಾರ. ಅಲ್ಲಿ ನೀವು ಗೆದ್ದು ಬಂದ್ರ ಇಲ್ಲಿ ಯಾವನೂ ಬಾಯಿ ತಗಿಯಂಗಿಲ್ಲ."

ಮಂದಿಯ ಮುಂದೆ ಎಂಬ ಮಾತು ಕೇಳಿ ಗುಡದಪ್ಪ ಬಲಗೈಯನ್ನು ಕಿಸೆಗೆ ಹಾಕಿಕೊಂಡ. ಆದರೆ ಆ ಗೋಡೆ! ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದುಬಿಟ್ಟರೆ, ಕೈ ಪೂರಾ ಹೋಗುವ ಮೊದಲು ಅದೊಂದು ಎಳೆದುಬಿಟ್ಟರೆ, ಊರಿನಲ್ಲಿ ಪೇಂಟರ್ ಗುಡದಪ್ಪ ಎಂಬ ಹೆಸರು ಉಳಿಯುತ್ತದೆ. ಇಲ್ಲದಿದ್ದರೆ ಅವನು ಆಸಿಡಿಟಿಯ ಗುಡದಪ್ಪನಾಗಿಯೇ ಸಾಯಬೇಕು. "ಬರ್ತೀನಿ" ಎಂದ.

"ಮಂದಿ ಮುಂದ ಯಾಕ ಹೊಂಟೀರಿ? ಬ್ಯಾಡ್ರಿ" ಎಂದಳು ತಾಯವ್ವ.

"ಹತ್ತಕ್ಕ ಸುರು ಐತಿ. ಅದಕ್ಕಿಂತ ಸ್ವಲ್ಪ ಮೊದಲ ಗುಳಿಗಿ ತೊಗೊಂಡ್ರ ಆತು. ಒಂದ ತಾಸಿನ ಮಾತು."

ಆ ದಿನ ಅವನು ಲೆಕ್ಕ ಹಾಕಿಯೇ ಹೋದ. ಬಸ್ಸಿನಿಂದ ಇಳಿದು, ಮರೆಗೆ ನಿಂತು, ಒಂದು ಗುಳಿಗೆ ನುಂಗಿದ. ಉಳಿದ ಗುಳಿಗೆಗಳನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ. ಕಿಸೆಯಲ್ಲಿ ಯಾರಾದರೂ ಕಂಡರೆ ಎಂಬ ಹೆದರಿಕೆ. ನವಲಗುಂದದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಕ್ಯಾನ್ವಾಸ್ ಇಟ್ಟ ಕಟ್ಟಿಗೆಯ ಸ್ಟ್ಯಾಂಡುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮುಂದೆ ಒಂದು ಬಿದಿರಿನ ಬುಟ್ಟಿ. ನೋಡಲು ಬಂದವರಿಗೂ ಬರೆಯುವವರಿಗೂ ತಲೆಗೊಂದರಂತೆ ಚೆಂಡುಹೂ ಕೊಟ್ಟಿದ್ದರು. ಯಾವ ಚಿತ್ರ ಮನಸ್ಸಿಗೆ ಬಂತೋ ಆ ಬುಟ್ಟಿಗೆ ಹಾಕಬೇಕು. ಹೆಚ್ಚು ಹೂ ಬಿದ್ದವನೇ ಗೆದ್ದ.

ಗುಡದಪ್ಪನ ಕೈ ಅಗದಿ ಶಾಂತವಾಗಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಖುಷಿಪಟ್ಟ. ಹತ್ತಾಯಿತು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಇನ್ನೇನು ಬಂದರು ಎಂದು ಮೈಕಿನವನು ಹೇಳಿದ, ಹೇಳುತ್ತಲೇ ಇದ್ದ. ಅತಿಥಿಗಳು ಬಂದ ಮೇಲೆ ದೀಪ, ಆಮೇಲೆ ಹಾರ, ಆಮೇಲೆ ಭಾಷಣ. ಕಲೆಯ ಬಗ್ಗೆ ಏನೂ ತಿಳಿಯದವರು ಕಲೆಯ ಬಗ್ಗೆ ಮಾತಾಡಲು ನಿಂತರೆ ಮುಗಿಯುವ ಬಗೆ ಎಲ್ಲಿ? ಗುಡದಪ್ಪ ಕುರ್ಚಿಯ ತುದಿಯಲ್ಲಿ ಕೂತು ಸಾಕು ಮಾಡಿರೋ, ಸಾಕು ಮಾಡಿರೋ ಎಂದು ಒಳಗೊಳಗೇ ಬೇಡಿಕೊಂಡ. ಎರಡನೆಯ ಭಾಷಣದ ನಡುವೆ ಹೆಬ್ಬೆರಳು ಒಮ್ಮೆ ಜಿಗಿಯಿತು. ಅವನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತ.

ಬರೆಯಲು ಬಿಟ್ಟಾಗ ಊಟದ ಹೊತ್ತಾಗಿತ್ತು.

ದೊಡ್ಡ ಬ್ರಷ್ಷಿನಲ್ಲಿ ಎರೆಹೊಲದ ಕಪ್ಪು ಬಳಿದ. ಮೇಲೆ ಆಕಾಶ ಬಳಿದ. ಅಲ್ಲಿಯವರೆಗೆ ಹೇಗೋ ನಡೆಯಿತು. ಇನ್ನು ನೇಗಿಲ ಸಾಲು, ಕ್ಯಾನ್ವಾಸಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಗೆರೆ. ಸಣ್ಣ ಬ್ರಷ್ ಅದ್ದಿದ, ಉಸಿರು ಹಿಡಿದ, ಇಟ್ಟ. ಗೆರೆ ಹಲ್ಲುಹಲ್ಲಾಗಿ ಹೋಯಿತು. ಕಪ್ಪು ಬಳಿದು ಅಳಿಸಿದ. ಮಣಿಕಟ್ಟಿಗೆ ಆಸರೆಯಾಗಲೆಂದು ಒಂದು ಕೋಲು ತಂದಿದ್ದ. ಮನೆಯಲ್ಲಿ ಟ್ರೇಲರಿಗೆ ಅದನ್ನು ಊರಿದರೆ ಕೈ ನಿಲ್ಲುತ್ತಿತ್ತು. ಇಲ್ಲಿ ಕ್ಯಾನ್ವಾಸಿಗೆ ಊರಿದ. ಟ್ರೇಲರ್ ಕಬ್ಬಿಣದ್ದು, ಈ ಸ್ಟ್ಯಾಂಡು ಕಡ್ಡಿಕಾಲಿನದು ಎಂಬುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಕೈಯ ನಡುಕ ಕೋಲಿಗೆ ಹತ್ತಿ, ಕೋಲಿನಿಂದ ಕ್ಯಾನ್ವಾಸಿಗೆ ಹತ್ತಿ, ಇಡೀ ಚಿತ್ರವೇ ಎಲ್ಲರ ಕಣ್ಣೆದುರು ಗಡಗಡ ನಡುಗಿತು.

ಪಕ್ಕದ ಸ್ಟ್ಯಾಂಡಿನ ಮುಂದೆ ಮಂದಿ ಮುತ್ತಿಕೊಂಡಿದ್ದರು. ಅಲ್ಲಿ ಧಾರವಾಡದ ಡ್ರಾಯಿಂಗ್ ಟೀಚರ್ ಊರ್ಮಿಳಾ, ಮೆಣಸಿನಕಾಯಿ ಒಣಹಾಕುವ ಹೆಂಗಸರನ್ನು ಬರೆಯುತ್ತಿದ್ದಳು. ಕೆಂಪು ಎಂಥದ್ದೆಂದರೆ ನೋಡಿದವರಿಗೆ ಸೀನು ಬರಬೇಕು. ಆ ಮಂದಿ ಒಬ್ಬೊಬ್ಬರೇ ಇತ್ತ ತಿರುಗಿದರು. ಗದ್ದಲ ನಿಂತಿತು. "ಅಯ್ಯ ಪಾಪ, ಕೈ ನೋಡವಾ" ಎಂದಳು ಒಬ್ಬಳು. ಗುಡದಪ್ಪನ ಕಿವಿ ಸುಟ್ಟಿತು. ಎಡಗೈಯಿಂದ ಬಲಗೈ ಹಿಡಿದು ಮತ್ತೆ ಎಳೆದ, ಮತ್ತೆ ಅಳಿಸಿದ, ಮತ್ತೆ ಎಳೆದ. ಬೆವರು ಕಣ್ಣಿಗಿಳಿದು ಗೆರೆ ಎಲ್ಲಿದೆ ಎಂದೇ ಕಾಣದಾಯಿತು. ಒಂದೇ ಒಂದು ನೆಟ್ಟನೆಯ ಗೆರೆ, ದೇವರೇ, ಒಂದೇ ಒಂದು. ಸೀಟಿ ಊದಿದರು. ಹೊಲದ ನಡುವೆ ಹುಳ ಹರಿದಾಡಿದಂಥ ಒಂದು ಸೊಟ್ಟ ಗೆರೆ ಉಳಿಯಿತು.

ಆಮೇಲೆ ಹೂ ಬೀಳತೊಡಗಿದವು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಮುದುಕರು ಬಂದರು, ಕಾಲೇಜಿನ ಹುಡುಗಿಯರು ಬಂದರು. ಯಾರೂ ಚಿತ್ರದ ಕಡೆ ನೋಡಲಿಲ್ಲ. ಅವನ ಕೈ ನೋಡಿ, ಬುಟ್ಟಿಗೆ ಹೂ ಹಾಕಿ, ಕಣ್ಣೊರೆಸಿಕೊಂಡು ಹೋದರು.

"ನನಗ ಹಾಕಬ್ಯಾಡ್ರಿ" ಎಂದ ಗುಡದಪ್ಪ. "ಯಪ್ಪಾ, ಆ ಟೀಚರ್ ಬಾಯಾರ ಚಿತ್ರಾ ನೋಡ್ರಿ. ಕೈ ಮುಗೀತೀನಿ, ಅಲ್ಲಿ ಹಾಕ್ರಿ."

"ಎಂಥಾ ದೊಡ್ಡ ಮನಸು ನೋಡ್ರಿ" ಎಂದು ಅವರು ಮತ್ತಷ್ಟು ಕರಗಿದರು. ಬುಟ್ಟಿ ತುಂಬಿ ಹೂ ನೆಲಕ್ಕೆ ಚೆಲ್ಲಿ, ಅವನ ಕಾಲು ಮುಚ್ಚಿದವು. ಹೆಣಕ್ಕೆ ಹಾಕುವ ಹಾಗೆ ಹಾಕುತ್ತಿದ್ದಾರೆ ಎನಿಸಿತು ಅವನಿಗೆ. ಗುಂಪಿನಲ್ಲಿ ಮೊರಬದವರೂ ಇದ್ದರು. ಹುಲಿಗೇಶ ಬಂದ. ಹುಟ್ಟಿದಾಗಿನಿಂದ ಒಂದು ಮಾತು ನೆಟ್ಟಗೆ ಆಡಿದವನಲ್ಲ. ಅವನು ತಲೆ ತಗ್ಗಿಸಿ, ಹೂ ಇಟ್ಟು, ಮಾತಾಡದೆ ಹೋದ. ಗುಡದಪ್ಪನಿಗೆ ಎದೆಗೆ ಒದ್ದಂತಾಯಿತು.

ಕೊನೆಗೆ ಊರ್ಮಿಳಾ ತನ್ನ ಪಾಲಿನ ಹೂ ಹಿಡಿದು ಬಂದಳು.

"ಬಾಯಾರ, ನೀವರ ಖರೇ ಹೇಳ್ರಿ" ಎಂದ. "ಗೆರಿ ನೆಟ್ಟಗೈತೇನ್ರಿ?"

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ "ಇಲ್ರಿ" ಎಂದಳು. ತಿರುಗಿ ಹೋಗಿ ಆ ಹೂವನ್ನು ತನ್ನ ಬುಟ್ಟಿಗೇ ಹಾಕಿಕೊಂಡಳು. ಆ ದಿನ ಅವನನ್ನು ಪೇಂಟರ್ ಎಂದು ಕಂಡವಳು ಅವಳೊಬ್ಬಳೇ.

ಗುಡದಪ್ಪ ಗೆದ್ದ. ಶಾಲು ಹೊದಿಸಿದರು. ಶಿವಾಜಿ ಮೈಕ್ ಕಸಿದುಕೊಂಡು, ಮೊರಬದ ಗೋಡೆ ಕಾಕಾನದೇ ಎಂದು ಘೋಷಿಸಿದ. ವೇದಿಕೆಯಿಂದ ಕೆಳಗಿಳಿದ ಮೇಲೆ ಗುಡದಪ್ಪನ ಕಿವಿಯ ಹತ್ತಿರ ಬಾಗಿ, "ನೀವೇನೂ ತ್ರಾಸ ತಗೋಬ್ಯಾಡ್ರಿ. ಕುರ್ಚಿ ಹಾಕಸ್ತೀನಿ, ಕುಂತು ಹೇಳ್ರಿ ಸಾಕು. ಹುಡುಗೂರು ಸ್ಟಿಕ್ಕರ್ ಹಚ್ತಾವ. ಮ್ಯಾಲೆ ಹೆಸರು ಮಾತ್ರ ನಿಮ್ಮದ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಮನೆಯಲ್ಲಿ ತಾಯವ್ವ ಶಾಲನ್ನು ನೋಡಿದಳು, ಗಂಡನ ಮುಖ ನೋಡಿದಳು, ಶಾಲನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು.

ಮರುದಿನ ಮುಂಜಾನೆ ಗುಡದಪ್ಪ ಆಸೀಫನ ಅಂಗಡಿಗೆ ಹೋದ. ಇನ್ನು ಮುಚ್ಚಿಡಲು ಏನು ಉಳಿದಿತ್ತು? ಬೆಂಚಿನ ಮೇಲಿದ್ದವರೆಲ್ಲ ಸರಿದು ಜಾಗ ಮಾಡಿಕೊಟ್ಟರು. ಆ ಬೆಂಚಿನ ಮೇಲೆ ಯಾರೂ ಯಾರಿಗೂ ಜಗಳವಿಲ್ಲದೆ ಜಾಗ ಬಿಟ್ಟದ್ದು ಇಲ್ಲ. ಆಸೀಫ ಕೇಳದೆಯೇ ಚಹಾ ತಂದಿಟ್ಟ. ಕಪ್ಪು ಅರ್ಧ ಮಾತ್ರ ತುಂಬಿತ್ತು. ಕೆಳಗೆ ಬಸಿ ಇರಲಿಲ್ಲ.

"ಬಸಿ ಎಲ್ಲೈತಿ?"

"ಇರ್ಲಿ ಕಾಕಾ, ಹಂಗ ಕುಡೀರಿ."

"ಬಸಿ ಕೊಡು. ಕಪ್ ತುಂಬ ಹಾಕು."

ಆಸೀಫ ತುಂಬಿಸಿದ. ಗುಡದಪ್ಪ ಎತ್ತಿದ. ಟಕಟಕ ಸದ್ದಾಯಿತು. ಕಪ್ಪು ಬಾಯಿ ಮುಟ್ಟುವ ಮೊದಲೇ ಸುಡುಸುಡು ಚಹಾ ಬಿಳಿ ಅಂಗಿಯ ಎದೆಯ ಮೇಲೆಲ್ಲ ಚೆಲ್ಲಿತು. ಅವನು ಕಪ್ಪು ಇಟ್ಟು ಎದುರಿಗಿದ್ದ ಹುಲಿಗೇಶನ ಮುಖ ನೋಡಿದ. ಲೇ ಗುಡದ್ಯಾ, ಚಹಾ ಬಾಯಿಲೆ ಕುಡೀತಾರಲೇ, ಅಂಗೀಲೆ ಅಲ್ಲ ಎನ್ನುತ್ತಾನೆ ಎಂದು ಕಾದ. ಹುಲಿಗೇಶ ನವಲಗುಂದದ ಬಸ್ ಬಂತೇನೋ ಎಂಬಂತೆ ರಸ್ತೆಯ ಕಡೆ ತಿರುಗಿಕೊಂಡ. ಒಬ್ಬ ಪೇಪರಿನಲ್ಲಿ ಮುಖ ಹುದುಗಿಸಿದ. ಆಸೀಫ ಅರಿವೆ ತಂದು, ಕೂಸಿಗೆ ಒರೆಸುವ ಹಾಗೆ, ಮೆಲ್ಲಗೆ ಅವನ ಎದೆ ಒರೆಸತೊಡಗಿದ.

"ನಗ್ರಲೇ" ಎಂದ ಗುಡದಪ್ಪ. "ಒಬ್ಬರರ ನಗ್ರಲೇ."

ಯಾರೂ ನಗಲಿಲ್ಲ.